ಹನ್ನೂರ ಕಡೆ ಕನ್ನಡ ಸವೆಯುವ ಬಗೆ

ಸೊಲ್ಲಾಪುರ ಜಿಲ್ಲೆ ಅಕ್ಕಲಕೋಟ ತಾಲ್ಲೂಕಿನ ಹನ್ನೂರ, ಅದರ ಸುತ್ತಲಿನ ಊರುಗಳ ಸುದ್ದಿ ಬೆಂಗಳೂರಿನಲ್ಲಿ ಬಂದರೆ ಒಂದು ಮಾತು ಖಾಯಂ: "1956ರಲ್ಲಿ ಮಹಾರಾಷ್ಟ್ರಕ್ಕೆ ಸೇರಿಸಿದರು, ಅಲ್ಲಿಗೆ ಕನ್ನಡ ಮುಗೀತು."

1956ರಲ್ಲಿ ಮಹಾರಾಷ್ಟ್ರವೇ ಇರಲಿಲ್ಲ. ಆ ನವೆಂಬರಿನಲ್ಲಿ ವಿಜಾಪುರ, ಧಾರವಾಡ, ಬೆಳಗಾವಿ ಮುಂಬಯಿ ರಾಜ್ಯ ಬಿಟ್ಟು ಮೈಸೂರು ಸೇರಿದವು, ಸೊಲ್ಲಾಪುರ ಜಿಲ್ಲೆ ಇದ್ದಲ್ಲೇ ಉಳಿಯಿತು. ಮಹಾರಾಷ್ಟ್ರ ಹುಟ್ಟಿದ್ದು 1960ರಲ್ಲಿ. ಇನ್ನು ಅಕ್ಕಲಕೋಟವನ್ನು 1948ರ ವಿಲೀನದವರೆಗೂ ಆಳಿದವರು ಭೋಸಲೆ ಮನೆತನದವರು. ಮರಾಠಿ ದೊರೆಗಳ ಕೈಕೆಳಗೆ ಅಷ್ಟು ತಲೆಮಾರು ಕಳೆದರೂ ಹೊಲ, ಸಂತೆ, ಅಡುಗೆಮನೆಗಳಲ್ಲಿ ಕನ್ನಡವೇ ನಡೆಯಿತು. 1967ರಲ್ಲಿ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಅಕ್ಕಲಕೋಟವನ್ನು ಮೈಸೂರಿಗೆ ಕೊಡಬೇಕೆಂದದ್ದು ಸುಮ್ಮನೆ ಅಲ್ಲ. ವರದಿ ಜಾರಿಯಾಗಲಿಲ್ಲ, ಅದು ಬೇರೆ ಕಥೆ.

"ಅವರದು ಮರಾಠಿ ಬೆರೆತು ಕೆಟ್ಟ ಕನ್ನಡ" ಎನ್ನುವವರೂ ಇದ್ದಾರೆ. ಖರೇ, ಪಗಾರ ಎಂಬ ಮಾತು ಕಿವಿಗೆ ಬಿದ್ದರೆ ಇವರಿಗೆ ಅವನತಿ ಕಾಣುತ್ತದೆ. ಹಾಗಾದರೆ ಅದೇ ಮಾತುಗಳನ್ನಾಡುವ ಧಾರವಾಡವೂ ಕೆಟ್ಟಿರಬೇಕು. ಪಗಾರ ಅಂತೂ ಪೋರ್ಚುಗೀಸರಿಂದ ಬಂದದ್ದು.

ಸವೆತ ಇರುವುದು ನಾಲಿಗೆಯಲ್ಲಲ್ಲ, ಬರಹದಲ್ಲಿ. ಕಿರಾಣಿ ಅಂಗಡಿಯಲ್ಲಿ "ಜ್ವಾಳ ಹ್ಯಾಂಗ ಕೊಟ್ರಿ?" ಎಂದು ಕನ್ನಡದಲ್ಲೇ ಚೌಕಾಸಿ ನಡೆಯುತ್ತದೆ, ಉದ್ರಿ ವಹಿಯಲ್ಲಿ ಅದೇ ಲೆಕ್ಕ ದೇವನಾಗರಿಯಲ್ಲಿ ಇಳಿಯುತ್ತದೆ. ಹೊಲದ ಪಹಣಿ, ಅಂದರೆ ಸಾತಬಾರಾ ಉತಾರ, ಮರಾಠಿ, ಬಸ್ಸಿನ ಬೋರ್ಡು ಮರಾಠಿ. ಅಜ್ಜ ಓದುತ್ತಿದ್ದ ಸೊನ್ನಲಿಗೆ ಸಿದ್ಧರಾಮನ ವಚನ ಮೊಮ್ಮಗನಿಗೂ ತಿಳಿಯುತ್ತದೆ, ಯಾರಾದರೂ ಓದಿ ಹೇಳಿದರೆ.

ಇದಕ್ಕೆಲ್ಲ ಮಹಾರಾಷ್ಟ್ರ ಸರ್ಕಾರವೇ ಕಾರಣ, ಅಲ್ಲಿ ಕನ್ನಡ ಶಾಲೆಗೆ ಜಾಗವಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ, ರಾಜ್ಯದ ಪಠ್ಯಪುಸ್ತಕ ಮಂಡಳಿಯಾದ ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. 2020ರ ಕಾಯ್ದೆ ಮರಾಠಿಯನ್ನು ಕಡ್ಡಾಯ ಮಾಡಿತು, ಆದರೆ ಒಂದು ವಿಷಯವಾಗಿ. ಕಲಿಕೆಯ ಮಾಧ್ಯಮವಾಗಿ ಅಲ್ಲ. ಮಕ್ಕಳನ್ನು ಸೆಳೆಯುತ್ತಿರುವುದು ಇಂಗ್ಲಿಷ್ ಮೀಡಿಯಂ. ಮರಾಠಿ ಶಾಲೆಯವರ ದೂರೂ ಅದೇ! ಹತ್ತನೆಯ ತರಗತಿ ದಾಟಿದ ಮೇಲೆ ಕಾಲೇಜು ಹೆಚ್ಚಾಗಿ ಮರಾಠಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಎಂದಾಗ ತಂದೆತಾಯಿ ಮೊದಲೇ ಲೆಕ್ಕ ಹಾಕುತ್ತಾರೆ. ಅವರನ್ನು ಬೈಯುವುದು ಸುಲಭ, ನ್ಯಾಯವಲ್ಲ.

ಕರ್ನಾಟಕದ ಕಡೆಯಿಂದ ಒಂದು ಬಾಗಿಲಂತೂ ತೆರೆದಿದೆ, ಅದು ಎಷ್ಟೋ ಮನೆಗಳಿಗೆ ಗೊತ್ತೇ ಇರುವುದಿಲ್ಲ. ವೃತ್ತಿಪರ ಕೋರ್ಸುಗಳ ಪ್ರವೇಶಕ್ಕೆ ಕರ್ನಾಟಕ ನಡೆಸುವ ಸಿಇಟಿಯ ನಿಯಮಗಳಲ್ಲಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕುಗಳ ಕನ್ನಡ ಮನೆಮಾತಿನ ಮಕ್ಕಳಿಗೆ ಅರ್ಹತೆ ಕೊಟ್ಟಿದ್ದಾರೆ. ಅದನ್ನು ಪಡೆಯಲು ಕನ್ನಡ ಪರೀಕ್ಷೆ ಪಾಸಾಗಬೇಕು, ಬರೀ ಮಾತು ಬಂದರೆ ಸಾಲದು.