ಗಾಮಾ ಕಿರಣವನ್ನು ಹಿಡಿಯುವ ಹರಳು

ಹೃದಯದ ಪರೀಕ್ಷೆಗೆಂದು ಹೋದ ತಾಯಂದಿರನ್ನು ಆಸ್ಪತ್ರೆಯ ಕ್ಯಾಮೆರಾದ ಬಳಿ ಅಲುಗಾಡದೆ ಮಲಗಿಸುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಅದಕ್ಕೆ ಮೊದಲು ಅವರ ರಕ್ತನಾಳಕ್ಕೆ ಟೆಕ್ನೀಷಿಯಮ್-99ಎಮ್ ಎಂಬ ಧಾತುವುಳ್ಳ ಔಷಧವನ್ನು ಸೇರಿಸಿರುತ್ತಾರೆ. ಅದರಿಂದ ಹೊರಡುವ ಗಾಮಾ ಕಿರಣಗಳಿಂದಲೇ ಹೃದಯದ ಚಿತ್ರವು ಮೂಡುವುದು.

1950ರ ದಶಕದ ಕಡೆಯಲ್ಲಿ ಅಮೇರಿಕದ ಬರ್ಕ್ಲಿಯಲ್ಲಿ ಹ್ಯಾಲ್ ಆಂಗರ್ ಎಂಬವರು ರಚಿಸಿದ ಕ್ಯಾಮೆರಾದಲ್ಲಿ ಸೋಡಿಯಮ್ ಅಯೊಡೈಡಿನ ಹರಳಿತ್ತು. ಕಿರಣವು ತಾಕಿದಾಗ ಅದು ಮಿನುಗುವುದು. ಆ ಮಿನುಗು ಬಳಿಕ ವಿದ್ಯುತ್ತಾಗಿ ಮಾರ್ಪಡುವುದು. ಬಾಯಿಂದ ಬಾಯಿಗೆ ಹೋದ ಮಾತು ಕೆಡುವಂತೆ ಇಲ್ಲಿಯೂ ಕೊಂಚ ವಿವರವು ನಷ್ಟವಾಗುವುದು.

ಕ್ಯಾಡ್ಮಿಯಮ್, ಸತು, ಟೆಲ್ಯೂರಿಯಮ್ ಸೇರಿದ ಅರೆವಾಹಕ ಹರಳಿನಲ್ಲಾದರೋ ಕಿರಣವು ನೇರವಾಗಿ ವಿದ್ಯುತ್ಕಣಗಳನ್ನು ಬಿಡಿಸುತ್ತದೆ. ಜರ್ಮೇನಿಯಮ್ಮಿನಂತೆ ಇದನ್ನು ಅತಿಯಾಗಿ ತಣಿಸಬೇಕಾದುದಿಲ್ಲ. ಕಿರಣದ ಶಕ್ತಿಯನ್ನು ಅಳೆಯುವಾಗ ಆಗುವ ಹರಡಿಕೆಯು ಹಳೆಯ ಹರಳಿನಲ್ಲಿ ನೂರಕ್ಕೆ ಸುಮಾರು 10, ಇದರಲ್ಲಿ ಸುಮಾರು 6. ಆದಕಾರಣ ದೇಹದೊಳಗೆ ದಾರಿತಪ್ಪಿ ಶಕ್ತಿಗುಂದಿದ ಕಿರಣಗಳನ್ನು ಬೇರ್ಪಡಿಸುವುದು ಸುಲಭ.

ಆದರೆ ಕಳಂಕವಿಲ್ಲದ ಹರಳನ್ನು ಬೆಳೆಸುವುದು ಬಹು ಕಷ್ಟ. ಟೆಲ್ಯೂರಿಯಮ್ಮಿನ ಸಣ್ಣ ಕಣಗಳು ಒಳಗೆ ಉಳಿದರೆ ವಿದ್ಯುತ್ಕಣಗಳು ಅಲ್ಲಿ ಸಿಕ್ಕಿಬೀಳುವುವು. ಬೆಲೆಯು ಹೆಚ್ಚಾಗಿರುವುದೂ ಇದರಿಂದಲೇ.

ಈ ಶ್ರಮದ ಫಲವೇನು? ಇಂಥ ಹರಳುಗಳನ್ನು ಹೃದಯದ ಸುತ್ತ ಜೋಡಿಸಿದ ಕ್ಯಾಮೆರಾಗಳು ಹದಿನೈದು ನಿಮಿಷದ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಬಲ್ಲವು. ಇಲ್ಲವೇ ಔಷಧದ ಪ್ರಮಾಣವನ್ನು ತಗ್ಗಿಸಬಹುದು. ಬೆನ್ನುನೋವಿನಿಂದ ಬಳಲುವ ವೃದ್ಧೆಗೆ ಆ ನಿಮಿಷಗಳು ಅಲ್ಪವಲ್ಲ. ಪ್ರಿಯ ವಿದ್ಯಾರ್ಥಿನಿಯರೇ, ತರಗತಿಯಲ್ಲಿ ನೂಲಿಗೆ ಪಟಿಕದ ಹರಳನ್ನು ಕಟ್ಟಿ, ಅದು ಬೆಳೆಯಲೆಂದು ದಿನಗಟ್ಟಲೆ ಕಾದುದು ನೆನಪಿದೆಯೇ? ಅದೇ ತಾಳ್ಮೆಯು ಇಲ್ಲಿ ರೋಗಿಗಳ ಸೇವೆಗೆ ನಿಂತಿದೆ.