ಅರ್ಧ ಗಂಟೆಯ ಹೆರಿಗೆಗೆ ತಿಂಗಳ ಕಾವಲು

ಅಮೆರಿಕದ ಪ್ರಮುಖ ನೋಂದಣಿ ಸಂಸ್ಥೆಯೊಂದರಲ್ಲಿ ಒಂದು ಕುದುರೆ ‘ಮಿನಿಯೇಚರ್’ ಎಂದು ದಾಖಲಾಗಬೇಕಾದರೆ ಅದರ ಎತ್ತರ 34 ಇಂಚು ದಾಟಬಾರದು. 1978ರಲ್ಲಿ ಸ್ಥಾಪನೆಯಾದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್‌ನ ಕಟ್ಟಳೆ ಇದು. ಅಳೆಯುವುದು ಜೂಲಿನ ಕೊನೆಯ ಕೂದಲು ಬೆನ್ನಿಗೆ ಸೇರುವ ಜಾಗದಲ್ಲಿ. ಮನುಷ್ಯನ ಸೊಂಟದಷ್ಟೆತ್ತರದ ಈ ಕುದುರೆಗಳಿಂದ ಪುಟ್ಟ ಗಾಡಿ ಎಳೆಸುತ್ತಾರೆ, ಪ್ರದರ್ಶನಕ್ಕೆ ಒಯ್ಯುತ್ತಾರೆ, ಆಸ್ಪತ್ರೆ ಮತ್ತು ವೃದ್ಧಾಶ್ರಮಗಳಿಗೆ ಕರೆದೊಯ್ದು ಹಾಸಿಗೆ ಹಿಡಿದವರ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಕಣ್ಣು ಕಾಣದವರಿಗೆ ದಾರಿ ತೋರಲು ಪಳಗಿಸಿದವೂ ಇವೆ. 2011ರಲ್ಲಿ ಜಾರಿಗೆ ಬಂದ ಅಲ್ಲಿನ ಅಂಗವಿಕಲರ ಹಕ್ಕಿನ ನಿಯಮಗಳು ನೆರವಿಗೆ ಪಳಗಿಸಿದ ನಾಯಿಯ ಜೊತೆಗೆ ಪುಟ್ಟ ಕುದುರೆಯನ್ನೂ ಹೆಸರಿಸಿವೆ.

ಇಷ್ಟು ಸಾಧುವಾದ ಪ್ರಾಣಿ ಮರಿ ಹಾಕುವ ಕಾಲ ಬಂದಾಗ ಮನೆಮಂದಿಯ ನಿದ್ದೆಯನ್ನೆಲ್ಲ ಕಸಿದುಕೊಳ್ಳುತ್ತದೆ. ಚಳಿ ಇಳಿದು ವಸಂತ ಕಾಲಿಡುವ ತಿಂಗಳುಗಳಲ್ಲಿ ಸಾಕುವವರ ಮನೆಗಳಲ್ಲಿ ಒಬ್ಬರಲ್ಲ ಒಬ್ಬರು ಎಚ್ಚರ ಇದ್ದೇ ಇರುತ್ತಾರೆ. ‘ಫೋಲ್ ವಾಚ್’ ಎಂದು ಅದಕ್ಕೆ ಹೆಸರು. ಗಬ್ಬದ ಕುದುರೆಯನ್ನು ವಾರಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಕೆಲಸ.

ನಮ್ಮ ಹಳ್ಳಿಗಳಲ್ಲಿ ಹಸು ಈಯುವುದನ್ನು ಕಂಡವರಿಗೆ ಇದು ಅತಿಯಾಯಿತು ಅನ್ನಿಸಬಹುದು. ಹಸುವಿಗೆ ನೀರುಚೀಲ ಕಾಣಿಸಿಕೊಂಡ ಮೇಲೂ ಒಂದೆರಡು ಗಂಟೆ ಕಾಯಬಹುದು, ಪಕ್ಕದ ಊರಿನ ಡಾಕ್ಟರಿಗೆ ಹೇಳಿಕಳಿಸುವಷ್ಟು ಸಮಯ ಸಿಗುತ್ತದೆ. ಕುದುರೆ ಆ ಅವಕಾಶ ಕೊಡುವುದಿಲ್ಲ. ನೀರು ಒಡೆದ ಮೇಲೆ 20ರಿಂದ 30 ನಿಮಿಷದೊಳಗೆ ಮರಿ ಹೊರಬರಬೇಕು. ಅಷ್ಟು ಹೊತ್ತಿಗೆ ಬರಲಿಲ್ಲವೆಂದರೆ ಒಳಗಿನ ಜೀವಕ್ಕೆ ಉಸಿರು ಕಟ್ಟುತ್ತಿದೆ ಎಂದೇ ಅರ್ಥ. ದೊಡ್ಡ ಕುದುರೆಗೂ ಇದೇ ಲೆಕ್ಕ. ಪುಟ್ಟ ಕುದುರೆಗೆ ಈ ಲೆಕ್ಕ ಇನ್ನಷ್ಟು ಬಿಗಿ, ಮತ್ತು ಅದನ್ನು ಬಿಗಿ ಮಾಡಿದವರು ನಾವೇ, ಮನುಷ್ಯರು.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲೆಂಡ್ ದ್ವೀಪಗಳಲ್ಲಿ ಚಳಿ-ಗಾಳಿಗೆ ಒಗ್ಗಿಕೊಂಡ ಗಿಡ್ಡ ಪೋನಿಗಳಿದ್ದವು. 1842ರಲ್ಲಿ ಬ್ರಿಟನ್ನಿನ ಕಾನೂನು ಹೆಂಗಸರನ್ನೂ ಹತ್ತು ವರ್ಷದೊಳಗಿನ ಗಂಡುಹುಡುಗರನ್ನೂ ಕಲ್ಲಿದ್ದಲು ಗಣಿಯ ಒಳಗೆ ದುಡಿಸಬಾರದೆಂದಿತು. ಆ ಮೇಲೆ ಇಕ್ಕಟ್ಟಾದ ಸುರಂಗಗಳಲ್ಲಿ ಗಾಡಿ ಎಳೆಯಲು ಈ ಪೋನಿಗಳಿಗೆ ಬೇಡಿಕೆ ಹೆಚ್ಚಿತು. ಗಿಡ್ಡ ಇದ್ದಷ್ಟೂ ಒಳ್ಳೆಯದು ಎಂಬ ಆಯ್ಕೆ ಆಗಲೇ ಬೇರೂರಿತು. ಅಮೆರಿಕದ ಅಪಲಾಚಿಯನ್ ಗಣಿಗಳಿಗೂ ಅವು ಹಡಗು ಹತ್ತಿ ಬಂದವು. ಅರ್ಜೆಂಟೀನಾದಲ್ಲಿ ಫಲಾಬೆಲ್ಲಾ ಕುಟುಂಬ ತಲೆಮಾರುಗಳ ಕಾಲ ಗಿಡ್ಡ ಕುದುರೆಗಳನ್ನೇ ಆರಿಸಿ ಕೂಡಿಸಿ ತನ್ನದೇ ಹೆಸರಿನ ತಳಿ ಬೆಳೆಸಿತು. ಗಣಿಯ ಕೆಲಸ ಮುಗಿದರೂ ಗಿಡ್ಡತನದ ಮೇಲಿನ ಮೋಹ ಮುಗಿಯಲಿಲ್ಲ.

ದೇಹ ಕುಗ್ಗಿದ ಪ್ರಮಾಣದಲ್ಲಿ ಮರಿಯ ತಲೆ ಕುಗ್ಗಲಿಲ್ಲ. ಈ ಮರಿಗಳ ಹಣೆ ಗುಮ್ಮಟದಂತೆ ಉಬ್ಬಿರುತ್ತದೆ. ತಾಯಿಯ ಸೊಂಟದ ಎಲುಬಿನ ದಾರಿಯೋ ಬಲು ಕಿರಿದು. ಹಾಗಾಗಿ ಹೆರಿಗೆ ಸಿಕ್ಕಿಕೊಳ್ಳುವುದು ದೊಡ್ಡ ತಳಿಗಳಿಗಿಂತ ಇವುಗಳಲ್ಲಿ ಹೆಚ್ಚು. ಮರಿಯ ಒಂದು ಕಾಲು ಹಿಂದೆ ಮಡಚಿಕೊಂಡರೆ ದೊಡ್ಡ ಕುದುರೆಯಲ್ಲಿ ಪಶುವೈದ್ಯರು ತೋಳು ಹಾಕಿ ಸರಿಪಡಿಸಬಲ್ಲರು. ಇಲ್ಲಿ ತೋಳು ಹೋಗುವುದೇ ಕಷ್ಟ. ಕೈ ಸಣ್ಣದಿರುವವರು ಹತ್ತಿರವಿದ್ದರೆ ಅದೇ ಒಂದು ಭಾಗ್ಯ.

ದಿನ ಲೆಕ್ಕ ಹಾಕಿ ಆ ರಾತ್ರಿ ಮಾತ್ರ ಎದ್ದಿದ್ದರಾಗದೇ ಎಂದರೆ ಆಗುವುದಿಲ್ಲ. ಕುದುರೆ ಗಬ್ಬ ಹೊರುವುದು ಸರಾಸರಿ 340 ದಿನ. ಆದರೆ 320ಕ್ಕೆ ಹಾಕುವುದೂ ಸಹಜ, 365ರವರೆಗೆ ಎಳೆಯುವುದೂ ಸಹಜ. ಪುಟ್ಟ ಕುದುರೆಗಳು ತುಸು ಬೇಗನೆ ಹಾಕುತ್ತವೆ. ಹೋದ ವರ್ಷದ ದಿನಕ್ಕೂ ಈ ವರ್ಷದ ದಿನಕ್ಕೂ ತಾಳೆಯಾಗಬೇಕೆಂದಿಲ್ಲ. ಅದಕ್ಕೇ 300ನೇ ದಿನದ ಆಸುಪಾಸಿನಿಂದಲೇ ಕಾವಲು.

ಈ ಕಾವಲಿನ ಮೊದಲ ಪಾಠ ಮೇವಿನ ಬಕೆಟ್ಟಿನಲ್ಲಿದೆ. ತುಂಬು ಗಬ್ಬದ ಪುಟ್ಟ ಕುದುರೆ ಒಂದೆರಡು ದಿನ ಮೇವು ಬಿಟ್ಟರೂ ಸಾಕು, ಮೈಯ ಕೊಬ್ಬು ಕರಗಿ ರಕ್ತಕ್ಕೆ ನುಗ್ಗಿ ಯಕೃತ್ತನ್ನು ಕೆಡಿಸುತ್ತದೆ. ಹೈಪರ್‌ಲಿಪೀಮಿಯ ಎಂಬ ಈ ರೋಗ ಪೋನಿ ಮತ್ತು ಪುಟ್ಟ ಕುದುರೆಗಳನ್ನು, ಅದರಲ್ಲೂ ಮೈ ತುಂಬಿಕೊಂಡವನ್ನು ಹೆಚ್ಚು ಕಾಡುತ್ತದೆ. ಹಾಗೆಂದು ತಿಂದಷ್ಟೂ ಒಳ್ಳೆಯದೆಂದು ಹಾಕುವಂತೆಯೂ ಇಲ್ಲ. ಅಮೆರಿಕದ ಹುಲ್ಲುಗಾವಲಿನ ಗಂಡಾಂತರ ಇನ್ನೊಂದಿದೆ. 1940ರ ದಶಕದಲ್ಲಿ ಬಿತ್ತನೆಗೆ ಬಂದ ‘ಕೆಂಟಕಿ-31’ ಎಂಬ ಟಾಲ್ ಫೆಸ್ಕ್ಯೂ ಹುಲ್ಲು ಅಲ್ಲಿ ಅಪಾರವಾಗಿ ಹಬ್ಬಿದೆ. ಅದರೊಳಗೆ ಬದುಕುವ ಶಿಲೀಂಧ್ರದಿಂದ ಗಬ್ಬದ ದಿನ ಎಳೆಯುತ್ತದೆ, ಮಾಸು ದಪ್ಪಗಾಗುತ್ತದೆ, ಕೆಚ್ಚಲಿಗೆ ಹಾಲು ಇಳಿಯುವುದಿಲ್ಲ. ಕೊನೆಯ ಎರಡು ಮೂರು ತಿಂಗಳು ಕುದುರೆಯನ್ನು ಆ ಹುಲ್ಲಿನಿಂದ ದೂರವಿಡುವುದೇ ಅದಕ್ಕೆ ಮದ್ದು.

ಇನ್ನು ಮೈಯ ಸೂಚನೆಗಳು. ಹೆರಿಗೆಗೆ ಒಂದು ತಿಂಗಳಿರುವಾಗ ಕೆಚ್ಚಲು ತುಂಬತೊಡಗುತ್ತದೆ. ಬಾಲದ ಬುಡದ ಎರಡೂ ಬದಿ ಸಡಿಲವಾಗಿ ಗುಳಿ ಬೀಳುತ್ತದೆ. ಹೊಟ್ಟೆಯ ಅಗಲ ಕಡಿಮೆಯಾಗಿ ಭಾರ ಕೆಳಕ್ಕಿಳಿಯುತ್ತದೆ. ಕೊನೆಯ ಒಂದೆರಡು ದಿನಗಳಲ್ಲಿ ಮೊಲೆತೊಟ್ಟಿನ ತುದಿಗೆ ಮೇಣದಂಥ ಹನಿ ಕಟ್ಟುತ್ತದೆ. ಅನುಭವಿಗಳು ತೊಟ್ಟಿನಿಂದ ಎರಡು ಹನಿ ಹಿಂಡಿ ಪರೀಕ್ಷೆಯ ಪಟ್ಟಿಗೆ ತಾಗಿಸುತ್ತಾರೆ. ಹೆರಿಗೆ ಹತ್ತಿರವಾದಂತೆ ಹಾಲಿನ ಕ್ಯಾಲ್ಸಿಯಂ ಏರುತ್ತದೆ, ಪಿಎಚ್ ಏಳರ ಮೇಲಿನಿಂದ 6.4ರ ಆಸುಪಾಸಿಗೆ ಇಳಿಯುತ್ತದೆ. ಕ್ಯಾಲ್ಸಿಯಂ 200 ಪಿಪಿಎಂ ದಾಟಿತೆಂದರೆ ಎರಡು ಮೂರು ದಿನದೊಳಗೆ ಮರಿ ಎಂದು ಭಾವಿಸಬಹುದು. ಈ ಪುಟ್ಟ ಪಟ್ಟಿ ಎಷ್ಟೋ ಮನೆಗಳಿಗೆ ನಾಲ್ಕು ರಾತ್ರಿಯ ನಿದ್ದೆ ಉಳಿಸಿಕೊಟ್ಟಿದೆ. ಆದರೂ ಪೂರ್ತಿ ನಂಬುವಂತಿಲ್ಲ. ಚೊಚ್ಚಲು ಕುದುರೆಗಳು ಕೆಚ್ಚಲು ಸರಿಯಾಗಿ ಬಿಡುವ ಮೊದಲೇ ಮರಿ ಹಾಕಿದ್ದುಂಟು.

ಬಹುಪಾಲು ಮರಿಗಳು ಹುಟ್ಟುವುದು ನಡುರಾತ್ರಿಯ ಆಚೀಚೆ. ಬಯಲಿನಲ್ಲಿ ಬದುಕಿದ ಪೂರ್ವಿಕರ ಎಚ್ಚರ ಕುದುರೆಯ ಮೈಯಲ್ಲಿ ಇನ್ನೂ ಉಳಿದಿದೆ. ಸುತ್ತ ಗದ್ದಲವಿದ್ದರೆ, ಯಾರೋ ಬಾಗಿಲಲ್ಲಿ ನಿಂತಿದ್ದರೆ, ಶುರುವಿನ ಬೇನೆಯನ್ನು ಅದು ತಡೆದು ಹಿಡಿಯಬಲ್ಲದು. ಕಾಯುವವರು ಇದ್ದೂ ಇಲ್ಲದಂತಿರಬೇಕು. ಅದಕ್ಕೇ ಲಾಯದಲ್ಲಿ ಕ್ಯಾಮೆರಾ. ಮನೆಯವರು ಕಣ್ಣು ಮುಚ್ಚಿದಾಗ ಬೇರೆ ಊರಿನ, ಆಗ ಹಗಲಾಗಿರುವ ಕಡೆಯ ಸ್ನೇಹಿತರು ಪರದೆಯ ಮೇಲೆ ಕಣ್ಣಿಟ್ಟು, ಕುದುರೆ ಮಲಗಿ ಎದ್ದು ಮಾಡತೊಡಗಿದರೆ ಫೋನ್ ಮಾಡಿ ಎಬ್ಬಿಸುವ ಏರ್ಪಾಡೂ ಇದೆ. ಪರರ ಕುದುರೆಗಾಗಿ ಹೀಗೆ ಎಚ್ಚರವಿರುವವರ ಬಗ್ಗೆ ನನಗೆ ಅಪಾರ ಗೌರವ. ಕುದುರೆ ಅಡ್ಡಲಾಗಿ ಮಲಗಿದೊಡನೆ ಸದ್ದು ಮಾಡುವ ಯಂತ್ರವನ್ನು ಮುಖಪಟ್ಟಿಗೆ ಕಟ್ಟುವವರೂ ಇದ್ದಾರೆ.

ಆ ಹೊತ್ತು ಬಂದಾಗ ಕುದುರೆ ಬೆವರುತ್ತದೆ, ನೆಲ ಕೆರೆಯುತ್ತದೆ, ಮತ್ತೆ ಮತ್ತೆ ಪಕ್ಕೆಯತ್ತ ತಿರುಗಿ ನೋಡುತ್ತದೆ, ಸ್ವಲ್ಪ ಸ್ವಲ್ಪವೇ ಲದ್ದಿ ಹಾಕುತ್ತದೆ. ನೀರು ಒಡೆದ ಕೂಡಲೇ ಗಡಿಯಾರ ನೋಡಿ ಸಮಯ ಬರೆದಿಡಬೇಕು. ಮೊದಲು ಕಾಣಬೇಕಾದ್ದು ಬೆಳ್ಳಗಿನ ತೆಳು ಪೊರೆ, ಅದರೊಳಗೆ ಅಂಗಾಲು ಕೆಳಗಾಗಿ ಒಂದರ ಹಿಂದೊಂದು ಎರಡು ಮುಂಗಾಲು, ಅವುಗಳ ಮೇಲೆ ಮೂತಿ. ಅಂಗಾಲು ಮೇಲಾಗಿದ್ದರೆ, ಒಂದೇ ಕಾಲಿದ್ದರೆ, ಕಾಲುಗಳಿದ್ದು ಮೂತಿಯಿಲ್ಲದಿದ್ದರೆ ಡಾಕ್ಟರಿಗೆ ಫೋನ್ ಹೋಗಬೇಕು, ಆ ಕ್ಷಣವೇ.

ಫೋನಿಗೂ ಕಾಯದ ಆಪತ್ತು ಒಂದಿದೆ. ಬಿಳಿ ಪೊರೆಯ ಬದಲು ಮಖಮಲ್ಲಿನಂಥ ಕೆಂಪು ಚೀಲ ಕಾಣಿಸಿದರೆ ಮಾಸು ಮರಿಗಿಂತ ಮೊದಲೇ ಗರ್ಭಕೋಶದಿಂದ ಬಿಡಿಸಿಕೊಂಡಿದೆ ಎಂದರ್ಥ. ಮರಿಗೆ ಪ್ರಾಣವಾಯು ನಿಂತುಹೋಗಿರುತ್ತದೆ, ಅದಿನ್ನೂ ಹೊರಗೆ ಉಸಿರಾಡಿಲ್ಲ. ‘ರೆಡ್ ಬ್ಯಾಗ್’ ಎಂಬ ಎರಡು ಪದ ಕೇಳಿದರೆ ಸಾಕುವವರು ಬೆಚ್ಚುತ್ತಾರೆ. ಆ ಚೀಲವನ್ನು ಕೂಡಲೇ ಕತ್ತರಿಸಿ, ತಾಯಿ ತಿಣುಕುವ ಲಯಕ್ಕೆ ಸರಿಯಾಗಿ ಮರಿಯನ್ನು ಎಳೆದು ತೆಗೆಯಬೇಕು. ಐದು ಮೈಲಿ ಆಚೆಯ ಡಾಕ್ಟರು ಕಾರು ಹತ್ತುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆ ರಾತ್ರಿ ಲಾಯದಲ್ಲಿ ಕತ್ತರಿ ಹಿಡಿದವರೊಬ್ಬರು ಇದ್ದರೋ ಇಲ್ಲವೋ ಎಂಬುದರ ಮೇಲೆ ಮರಿಯ ಬದುಕು ನಿಂತಿದೆ. ಇಷ್ಟು ವಾರಗಳ ಜಾಗರಣೆ ಯಾಕೆಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದೇ.

ಮರಿ ಹೊರಬಂದ ಮೇಲಿನ ಲೆಕ್ಕ ಒಂದು, ಎರಡು, ಮೂರು: ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆ ಹಿಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಹೊಕ್ಕುಳಬಳ್ಳಿಯನ್ನು ತಾನಾಗಿ ಹರಿಯಲು ಬಿಟ್ಟು ಕ್ಲೋರ್‌ಹೆಕ್ಸಿಡೀನ್ ದ್ರವದಲ್ಲಿ ಅದ್ದುತ್ತಾರೆ. ಗಿಣ್ಣು ಹಾಲಿನ ಮಾತು ಇನ್ನೂ ದೊಡ್ಡದು. ಕುದುರೆಯ ಮಾಸು ತಾಯಿಯ ರೋಗನಿರೋಧಕಗಳನ್ನು ಮರಿಗೆ ದಾಟಿಸುವುದಿಲ್ಲವಾದ್ದರಿಂದ ಮರಿ ಹುಟ್ಟುವುದು ಬರಿಗೈಯಲ್ಲಿ. ಗಿಣ್ಣಿನಲ್ಲಿರುವುದನ್ನು ಅದರ ಕರುಳು ಹೀರಿಕೊಳ್ಳುವುದು ಮೊದಲ ದಿನ ಮಾತ್ರ. ಆ ಬಳಿಕ ರಕ್ತ ಪರೀಕ್ಷಿಸಿ, ಐಜಿಜಿ ಎಂಬ ರೋಗನಿರೋಧಕ ಡೆಸಿಲೀಟರಿಗೆ 800 ಮಿಲಿಗ್ರಾಂ ಇದೆಯೇ ಎಂದು ನೋಡುತ್ತಾರೆ. ಕಡಿಮೆಯಿದ್ದರೆ ಪ್ಲಾಸ್ಮಾ ಏರಿಸಬೇಕಾಗುತ್ತದೆ.

ಕಾವಲಿಗಿಂತ ಮೊದಲೇ ಯೋಚಿಸಬೇಕಾದ ಮಾತೂ ಒಂದಿದೆ. ಮಿಸೌರಿಯಲ್ಲಿ 2001ರಲ್ಲಿ ಹುಟ್ಟಿದ ಥಂಬೆಲಿನಾ ಎಂಬ ಕುದುರೆ 17.5 ಇಂಚು ಎತ್ತರಕ್ಕೆ ಗಿನ್ನೆಸ್ ದಾಖಲೆ ಸೇರಿತು. ಅದು ಕುಬ್ಜತೆಯೊಂದಿಗೆ ಹುಟ್ಟಿದ ಕುದುರೆ. ಜನ ಮುದ್ದಾಡಿದರು, ನಿಜ. ಆದರೆ ಕುಬ್ಜತೆ ಈ ತಳಿಯ ಬೆನ್ನು ಹತ್ತಿದ ವ್ಯಾಧಿ. ಅಂಥ ಎಷ್ಟೋ ಮರಿಗಳು ಡೊಂಕು ಕಾಲು, ಕೂಡದ ದವಡೆಯೊಂದಿಗೆ ನರಳುತ್ತವೆ, ಹೆರಿಗೆಯಲ್ಲಿ ತಾಯಿಯನ್ನೂ ಅಪಾಯಕ್ಕೆ ಒಡ್ಡುತ್ತವೆ. ಇದರ ಹಿಂದಿರುವ ಜೀನಿನ ದೋಷಗಳನ್ನು ಕೆಂಟಕಿ ವಿಶ್ವವಿದ್ಯಾಲಯದ ಸಂಶೋಧಕರು ಗುರುತಿಸಿದ್ದಾರೆ, ಪರೀಕ್ಷೆಯೂ ಲಭ್ಯವಿದೆ. ತಂದೆ ತಾಯಿ ಇಬ್ಬರೂ ದೋಷ ಹೊತ್ತಿದ್ದರೆ ಮಾತ್ರ ಮರಿ ಕುಬ್ಜವಾಗುವ ಸಂಭವ. ಜೋಡಿ ಕೂಡಿಸುವ ಮೊದಲು ಈ ಪರೀಕ್ಷೆ ಮಾಡಿಸದವರು ರಾತ್ರಿಯಿಡೀ ಎಚ್ಚರವಿದ್ದರೂ ಅರ್ಧ ಕರ್ತವ್ಯವನ್ನಷ್ಟೇ ಮಾಡಿದಂತೆ.

ಅಮೆರಿಕದಲ್ಲಿ ನೆಲೆಸಿದ ನಮ್ಮವರಲ್ಲಿ ನಾಲ್ಕೆಕರೆ ಜಾಗ ಕೊಂಡವರು, ಮಕ್ಕಳ ಆಸೆಗೆ ಒಂದು ಪುಟ್ಟ ಕುದುರೆ ತರೋಣ ಎಂದುಕೊಂಡವರು ಇದನ್ನು ಓದುತ್ತಿರಬಹುದು. ಖಂಡಿತ ತನ್ನಿ; ಒಂಟಿಯಾಗಿ ಇಡಬೇಡಿ, ಜೊತೆಗೊಂದಿರಲಿ. ಮರಿ ಹಾಕಿಸುವ ಮನಸ್ಸಾದರೆ ಮಾತ್ರ ಮೂರು ವಿಷಯ ಮೊದಲೇ ತೀರ್ಮಾನವಾಗಲಿ: ಜೀನ್ ಪರೀಕ್ಷೆಯ ಫಲಿತಾಂಶ ಕೈಯಲ್ಲಿರಬೇಕು, ನಡುರಾತ್ರಿ ಕರೆದರೂ ಬರುವ ಕುದುರೆ ವೈದ್ಯರು ಸಿಗಬೇಕು, ತಿಂಗಳುಗಟ್ಟಲೆ ಪಾಳಿಯ ಮೇಲೆ ಏಳಲು ಮನೆಯಲ್ಲಿ ಇಬ್ಬರಾದರೂ ಒಪ್ಪಿರಬೇಕು. ಈ ಮೂರರಲ್ಲಿ ಒಂದು ಇಲ್ಲವಾದರೂ ಮರಿಯ ಆಸೆ ಬಿಟ್ಟು, ಇರುವ ಕುದುರೆಯನ್ನೇ ಚೆನ್ನಾಗಿ ಸಾಕಿ.