ಹಳೇ ಜಾಕೆಟ್ಟಿನ ವಾಸನೆ ಚರ್ಮದ್ದಲ್ಲ!

ದಾಂಡೇಲಿಗೆ ಹೊಸದಾಗಿ ಬಂದವರಿಗೆ ಕಾಗದದ ಕಾರ್ಖಾನೆಯ ಗಂಧಕದ ವಾಸನೆ ತಟ್ಟನೆ ಮೂಗಿಗೆ ಹೊಡೆಯುತ್ತೆ. ಊರಿನವರನ್ನು ಕೇಳಿ ನೋಡಿ, 'ಎಂಥ ವಾಸನೆ?' ಅಂತಾರೆ. ದಿನವೂ ಇರುವುದನ್ನು ಮೂಗು ಲೆಕ್ಕಕ್ಕೆ ತಗೊಳ್ಳಲ್ಲ. ಹಳೇ ಲೆದರ್ ಜಾಕೆಟ್, ಬ್ಯಾಗ್, ಶೂ ವಿಷಯದಲ್ಲೂ ಹೀಗೇ. ಮಾರಿದವರಿಗೆ ಗೊತ್ತೇ ಆಗದ ವಾಸನೆ ಕೊಂಡವರ ಮನೆ ತುಂಬುತ್ತೆ.

ಹೊಸ ಜಾಕೆಟ್ಟಿಗೆ ಸಾವಿರಗಟ್ಟಲೆ ಸುರಿಯಲಾಗದವರೇ ಸೆಕೆಂಡ್ ಹ್ಯಾಂಡ್ ಕೊಳ್ಳೋದು. ಹಾಗಾಗಿ ಅದು ಹಾಳಾದರೆ ನಷ್ಟ ಸಣ್ಣದಲ್ಲ. ಎಂಜಿನಿಯರಿಂಗ್ ಓದುವಾಗ ನಾನೂ ಒಂದು ಕೊಂಡಿದ್ದೆ. ವಾಸನೆ ಹೋಗಲಿ ಅಂತ ಸೆಂಟ್ ಹೊಡೆದೆ, ನೀರಲ್ಲಿ ತೊಳೆದೆ, ಬಿರುಬಿಸಿಲಿಗೆ ಹಾಕಿದೆ. ವಾರದಲ್ಲಿ ಅದು ಹಪ್ಪಳವಾಯಿತು. ವಾಸನೆ ಮಾತ್ರ ಹಾಗೇ ಉಳಿಯಿತು.

ಯಾಕೆ? ಚರ್ಮ ಅಂದರೆ ಕೊಲಾಜನ್ ಎಳೆಗಳ ಹೆಣಿಗೆ. ಎಳೆಗಳ ಸಂದಿಯಲ್ಲಿ ಬೆವರು, ಸಿಗರೇಟಿನ ಹೊಗೆ, ಟ್ರಂಕಿನ ನುಸಿಗುಳಿಗೆ ಎಲ್ಲ ಸೇರಿಕೊಂಡಿರುತ್ತೆ. ಜೊತೆಗೆ ನಮ್ಮ ಮಳೆಗಾಲ. ಗಾಳಿಯ ತೇವಾಂಶ ಶೇ. 70 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಹಿಡಿಯಲು ಅಷ್ಟು ಸಾಕು. ಜೋಯಿಡಾದ ಕಾಡಿನ ಕಡೆ ಇದು ಮಾಮೂಲಿ. ಹಳಿಯಾಳ, ಮುಂಡಗೋಡದಲ್ಲಿ ಮಳೆ ಕಡಿಮೆಯಾದರೂ ಮುಚ್ಚಿದ ಕಪಾಟಿನೊಳಗಿನ ಕತೆ ಬೇರೆಯಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲು ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು, ಒಣ ಬ್ರಷ್‌ನಿಂದ ಬೂಷ್ಟು ಉಜ್ಜಿ ತೆಗೆಯಿರಿ. ಉಬ್ಬಸ ಇರುವವರು ಈ ಕೆಲಸಕ್ಕೆ ಕೈ ಹಾಕಬೇಡಿ. ಆಮೇಲೆ ಬಿಳಿ ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಬಣ್ಣ ಬಿಡುತ್ತದೋ ಅಂತ ಒಳಮೂಲೆಯಲ್ಲಿ ಮೊದಲೇ ಪರೀಕ್ಷೆ ಮಾಡಿ. ಒಳಗಿನ ಬಟ್ಟೆಯ ಅಸ್ತರು ಮರೆಯಬೇಡಿ, ಬೆವರು ಹೆಚ್ಚು ಕೂತಿರೋದು ಅಲ್ಲೇ. ನಂತರ ನೆರಳಲ್ಲಿ, ಗಾಳಿಯಾಡುವ ಕಡೆ ಎರಡು ಮೂರು ದಿನ ತೂಗುಹಾಕಿ. ನುಸಿಗುಳಿಗೆಯ ವಾಸನೆ ಗಾಳಿಗೇ ಹಾರಿಹೋಗುತ್ತೆ, ಅದಕ್ಕೆ ಬೇಕಾದ್ದು ತಾಳ್ಮೆ.

ಇನ್ನೂ ಉಳಿದರೆ, ಮುಚ್ಚಳವಿರುವ ಡಬ್ಬಿಯಲ್ಲಿ ವಸ್ತು ಇಟ್ಟು ಪಕ್ಕದಲ್ಲೊಂದು ಬಟ್ಟಲು ಅಡುಗೆ ಸೋಡಾ ಅಥವಾ ಆಕ್ಟಿವೇಟೆಡ್ ಇದ್ದಿಲು ಇಡಿ. ಇಂಥ ಇದ್ದಿಲಿನ ಒಂದು ಗ್ರಾಮಿನ ಒಳಮೈ ನೂರಾರು ಚದರ ಮೀಟರ್. ವಾಸನೆಯ ಕಣಗಳು ಹೋಗಿ ಅಂಟೋದು ಅಲ್ಲಿಗೇ. ವಾರ ಬಿಟ್ಟು ನೋಡಿ. ಸೋಡಾವನ್ನು ನೀರಲ್ಲಿ ಕಲಸಿ ಚರ್ಮಕ್ಕೆ ಹಚ್ಚಬೇಡಿ. ಹದ ಮಾಡಿದ ಚರ್ಮ ಆಮ್ಲೀಯ, ಸೋಡಾ ಕ್ಷಾರೀಯ. ಚರ್ಮ ಬಿರುಸಾಗುತ್ತೆ. ಕೊಬ್ಬರಿ ಎಣ್ಣೆಯೂ ಬೇಡ, ವಾಸನೆಯನ್ನು ಅದು ಒಳಗೇ ಕೂರಿಸುತ್ತೆ. ಎಲ್ಲ ಮುಗಿದ ಮೇಲೆ ಲೆದರ್ ಕಂಡೀಷನರ್ ತೆಳ್ಳಗೆ ಸವರಿ. ವಾಸನೆ ಹೋಯಿತೋ ಇಲ್ಲವೋ ಅಂತ ಹೊರಗಿನಿಂದ ಬಂದವರನ್ನು ಕೇಳಿ, ನಿಮ್ಮ ಮೂಗನ್ನಲ್ಲ.

ಚರ್ಮ ಬಿರಿದು ಪುಡಿ ಉದುರುತ್ತಿದ್ದರೆ, ಎಳೆದರೆ ಹರಿಯುತ್ತಿದ್ದರೆ ಕೊಳ್ಳಲೇಬೇಡಿ. ಅದನ್ನು ಯಾರೂ ಉಳಿಸಲಾರರು.

ಕೊನೆಯದಾಗಿ ಒಂದು ಮಾತು. ಚರ್ಮವನ್ನೂ ಅದರ ಕೆಲಸ ಮಾಡುವವರನ್ನೂ 'ವಾಸನೆ' ಅಂತ ದೂರ ಇಟ್ಟ ಸಮಾಜ ನಮ್ಮದು. ಲೆಕ್ಕ ಹಾಕಿ ನೋಡಿ. ಜಾಕೆಟ್ಟಿನಲ್ಲಿರುವ ಬೆವರು ತೊಟ್ಟವರದು, ಹೊಗೆ ಸೇದಿದವರದು, ಬೂಷ್ಟು ಮುಚ್ಚಿಟ್ಟ ಕಪಾಟಿನದು. ಹದ ಮಾಡಿದವರದು, ಹೊಲಿದವರದು ಅದರಲ್ಲಿ ಏನೂ ಇಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯಲು ಕೂತವರಿಗೆ ಚರ್ಮ ಮುಟ್ಟಿದರೆ ಸಾಕು, ಅದರ ಆಯಸ್ಸು ಗೊತ್ತಾಗುತ್ತೆ. ಹಳೇದು ಕೊಳ್ಳುವ ಮೊದಲು ಅವರಿಗೊಮ್ಮೆ ತೋರಿಸಿ, ಸಲಹೆಗೂ ದುಡ್ಡು ಕೊಡಿ.